ಹಾಸಿಗೆ ಪಕ್ಕ ನಿಂತವರ ಮಾತೂ ಫೈಲಿಗೆ ಬರಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ನಿವೃತ್ತ ಶುಶ್ರೂಷಾಧಿಕಾರಿ. ಜನರ ಬಾಯಲ್ಲಿ ಹೇಳೋದಾದರೆ ಸಿಸ್ಟರ್. ಊರು ಉತ್ತರ ಕನ್ನಡದ ಕುಮಟಾ ಕಡೆ. ಮೂವತ್ತಕ್ಕೂ ಜಾಸ್ತಿ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಕೊನೆಯ ಹನ್ನೊಂದು ವರ್ಷ ಐಸಿಯುನಲ್ಲೇ ಕಳೆಯಿತು.

2025ರ ಜನವರಿ ಕೊನೆಯಲ್ಲಿ ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆ ಇಲ್ಲದ ರೋಗಿಯನ್ನು ಬರೀ ಯಂತ್ರದ ಬಲದಿಂದ ಹಿಡಿದಿಡುವುದು ಬೇಡ ಅನಿಸಿದರೆ, ಅದನ್ನು ನಿಲ್ಲಿಸೋದು ಹೇಗೆ, ಯಾರು ತೀರ್ಮಾನಿಸಬೇಕು ಎಂದು ಹೇಳುವ ಸುತ್ತೋಲೆ ಅದು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಸರಳಗೊಳಿಸಿದ್ದನ್ನು ನೀವು ನಮ್ಮ ರಾಜ್ಯದಲ್ಲಿ ಜಾರಿಗೆ ತಂದಿರಿ. ಘನತೆಯಿಂದ ಸಾಯುವ ಹಕ್ಕು ಎಂದು ಪತ್ರಿಕೆಗಳು ಬರೆದವು. ಅದನ್ನು ಓದಿದ ದಿನ ನನಗೆ ತುಂಬ ಸಮಾಧಾನ ಆಯಿತು. ಇಷ್ಟು ವರ್ಷ ಕಾರಿಡಾರಿನಲ್ಲಿ ಪಿಸುಮಾತಿನಲ್ಲಿ ನಡೆಯುತ್ತಿದ್ದದ್ದಕ್ಕೆ ಒಂದು ದಾರಿ ಸಿಕ್ಕಿತಲ್ಲ ಅಂತ. ಅದಕ್ಕಾಗಿ ನಿಮಗೂ ಇಲಾಖೆಗೂ ಮನಸಾರೆ ಕೃತಜ್ಞತೆ.

ಆದರೆ ಒಂದು ಕೊರತೆ ಕಂಡಿತು. ಅದನ್ನು ಹೇಳಲಿಕ್ಕೇ ಈ ಪತ್ರ.

ಈಗಿನ ಪದ್ಧತಿಯಲ್ಲಿ ಎರಡು ವೈದ್ಯಕೀಯ ಮಂಡಳಿಗಳಿವೆ. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಆ ವಿಷಯದಲ್ಲಿ ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿ ಇಲ್ಲದ ಬೇರೆ ಇಬ್ಬರು ತಜ್ಞರು. ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಚಿಕಿತ್ಸೆ ನಿಲ್ಲಿಸುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಎಲ್ಲ ಸರಿ. ಒಟ್ಟು ಆರು ಜನ, ಆರೂ ಜನ ವೈದ್ಯರು. ಆ ರೋಗಿಯ ಹತ್ತಿರ ಹಗಲೂ ರಾತ್ರಿ ಇರುವ ನರ್ಸ್ ಒಬ್ಬರೂ ಇಲ್ಲ.

ಇದು ಕುರ್ಚಿಗಾಗಿ ಜಗಳ ಅಂತ ದಯವಿಟ್ಟು ತಿಳಿಯಬೇಡಿ. ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಒಂದು ತಪ್ಪು ಮಾಡಿದ್ದೇನೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಐಸಿಯುಗೆ ಒಬ್ಬ ಅಜ್ಜಿ ಬಂದರು. ಎಂಬತ್ತರ ಹತ್ತಿರ ವಯಸ್ಸು. ಜೀವಮಾನವಿಡೀ ಕಟ್ಟಿಗೆ ಒಲೆ ಊದಿ ಊದಿ ಶ್ವಾಸಕೋಶ ಸೋತಿತ್ತು. ಮೊದಲೂ ಎರಡು ಸಲ ಬಂದು ಹೋಗಿದ್ದರು, ಹಾಗಾಗಿ ನನ್ನ ಗುರುತಿತ್ತು. ಮೂಗು ಬಾಯಿ ಮುಚ್ಚುವ ಬೈಪ್ಯಾಪ್ ಮಾಸ್ಕ್ ಹಾಕಿದ್ದೆವು. ರಾತ್ರಿ 2 ಗಂಟೆ 40 ನಿಮಿಷ. ಔಷಧಿ ಕೊಡಲಿಕ್ಕೆ ಹೋಗಿದ್ದೆ, ಅದಕ್ಕೇ ಸಮಯ ನೆನಪಿದೆ. ಅಜ್ಜಿ ಮಾಸ್ಕನ್ನು ಒಂದು ಬದಿ ಎತ್ತಿದರು. ನನ್ನ ಕೈ ಹಿಡಿದು, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ ಹೇಳಿದರು: “ತಂಗೀ, ಹೋದ ಸಲದ ಹಾಗೆ ಗಂಟಲಿಗೆ ಪೈಪು ಹಾಕ್ಬೇಡಿ. ಸಾಕಾಗ್ಯದೆ ನಂಗೆ. ಮನೆಗೆ ಕಳ್ಸಿಬಿಡು.”

ನಾನು ಏನು ಮಾಡಿದೆ? “ಹಾಗೆಲ್ಲ ಮಾತಾಡಬಾರದಮ್ಮ, ಹುಷಾರಾಗ್ತೀರಿ” ಅಂದೆ. ಮಾಸ್ಕ್ ಸರಿ ಮಾಡಿದೆ. ಬೆಳಿಗ್ಗೆ ಡ್ಯೂಟಿ ಬಿಡುವಾಗ ಡಾಕ್ಟರಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು ಹೊಸಬರು, ಬೇರೆ ಮೂರು ಎಮರ್ಜೆನ್ಸಿ ನಡುವೆ ಇದ್ದರು. ಮಧ್ಯಾಹ್ನ ಬೆಂಗಳೂರಿನಿಂದ ಮಗ ಬಂದರು. ಪಾಪ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು, ಬಂದವರೇ ಕೈ ಮುಗಿದು “ಏನಾದ್ರೂ ಮಾಡಿ, ಅಮ್ಮನ್ನ ಉಳಿಸಿಕೊಡಿ” ಅಂದರು. ಅವರದೇನೂ ತಪ್ಪಿಲ್ಲ. ಯಾವ ಮಗ ಬೇರೆ ಮಾತು ಆಡುತ್ತಾನೆ? ಸಂಜೆ ಅಜ್ಜಿಗೆ ಪೈಪು ಹಾಕಿದರು, ವೆಂಟಿಲೇಟರ್ ಶುರುವಾಯಿತು.

ಹತ್ತೊಂಬತ್ತು ದಿನ. ಪೈಪು ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಯನ್ನು ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದೆವು. ಆ ಗಂಟು ನಾನೇ ಹಾಕಿದ್ದು. ಚರ್ಮ ತೀರಾ ತೆಳ್ಳಗೆ, ಹಪ್ಪಳದ ಹಾಗೆ. ಗಾಯ ಆಗದಿರಲಿ ಅಂತ ಒಳಗೆ ಹತ್ತಿ ಇಡುತ್ತಿದ್ದೆ. ಕಫ ತೆಗೆಯಲಿಕ್ಕೆ ಸಕ್ಷನ್ ನಳಿಕೆ ಇಳಿಸಿದಾಗಲೆಲ್ಲ ಹುಬ್ಬು ಗಂಟಿಕ್ಕುತ್ತಿತ್ತು, ಮಾನಿಟರಿನಲ್ಲಿ 90 ಇದ್ದ ನಾಡಿ 130ಕ್ಕೆ ಏರುತ್ತಿತ್ತು, ಕಣ್ಣಂಚಿನಿಂದ ನೀರು ಕಿವಿ ಕಡೆ ಇಳಿಯುತ್ತಿತ್ತು. ಒಂದೆರಡು ಸಲ ನನ್ನ ಮುಖವನ್ನೇ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಅವರು ಹೋದ ಮೇಲೆ ಮಗ ನನ್ನ ಹತ್ತಿರ ಬಂದು ಕೇಳಿದರು. “ಸಿಸ್ಟರ್, ಅಮ್ಮ ಏನಾದ್ರೂ ಹೇಳಿದ್ರಾ?” ನಾನು ಇಲ್ಲ ಅಂದೆ.

ಆಮೇಲೆ ಕೇಸ್ ಶೀಟ್ ತೆಗೆದು ನೋಡಿದೆ. ಆ ರಾತ್ರಿಯ ನರ್ಸಸ್ ನೋಟ್ಸ್ ನನ್ನ ಕೈಬರಹದಲ್ಲೇ ಇದೆ. ಜ್ವರ, ನಾಡಿ, ಬಿಪಿ, ಆಕ್ಸಿಜನ್, ಎಷ್ಟು ನೀರು ಹೋಯಿತು, ಎಷ್ಟು ಎಂಎಲ್ ಮೂತ್ರ ಬಂತು, ಎಲ್ಲವೂ ಇದೆ. ಅಜ್ಜಿ ಏನು ಹೇಳಿದರು ಎಂಬುದು ಮಾತ್ರ ಇಲ್ಲ. ಅದನ್ನು ಬರೆಯಲಿಕ್ಕೆ ಆ ಹಾಳೆಯಲ್ಲಿ ಒಂದು ಅಂಕಣ ಇರಲಿಲ್ಲ ಅನ್ನೋದು ನಿಜ. ಇದ್ದ ಜಾಗದಲ್ಲಿ ನಾನು ಬರೆಯಬಹುದಿತ್ತು ಅನ್ನೋದೂ ನಿಜ. ಬರೆಯಲಿಲ್ಲ. ರೋಗಿಯ ಆಯ್ಕೆಯನ್ನು ಗೌರವಿಸು ಅಂತ ನರ್ಸಿಂಗ್ ಶಾಲೆಯಲ್ಲಿ ಕಲಿತವಳು, ಕಿರಿಯರಿಗೆ ಅದನ್ನೇ ಹೇಳಿಕೊಟ್ಟವಳು, ಹೊತ್ತಿಗೆ ಸರಿಯಾಗಿ ಪೆನ್ನು ಎತ್ತಲಿಲ್ಲ.

ಸಾರ್, ಈಗ ಯೋಚಿಸಿ. ಆ ಅಜ್ಜಿಯ ವಿಷಯ ಇವತ್ತು ನಿಮ್ಮ ಮಂಡಳಿಗಳ ಮುಂದೆ ಹೋಗಿದ್ದರೆ? ಆರು ವೈದ್ಯರು ಎಕ್ಸ್‌ರೇ ನೋಡುತ್ತಿದ್ದರು, ರಕ್ತದ ವರದಿ ನೋಡುತ್ತಿದ್ದರು, ಮಗನನ್ನು ಕೇಳುತ್ತಿದ್ದರು. ರೋಗಿ ಸ್ವತಃ ಬಾಯಿ ಬಿಟ್ಟು ಹೇಳಿದ ಮಾತು ಯಾರ ಹತ್ತಿರ ಇತ್ತೋ ಅವಳನ್ನು ಕೇಳುವ ದಾರಿಯೇ ಇರುತ್ತಿರಲಿಲ್ಲ.

ಮುಂಗಡ ವೈದ್ಯಕೀಯ ನಿರ್ದೇಶನ ಅಂತ ಬರೆದಿಡಬಹುದಲ್ಲ, ಲಿವಿಂಗ್ ವಿಲ್ ಅಂತಾರಲ್ಲ, ಅದು ಇದಕ್ಕೇ ಅಲ್ವಾ ಎಂದು ಯಾರಾದರೂ ಕೇಳಬಹುದು. ಹೌದು, ಒಳ್ಳೆಯ ವ್ಯವಸ್ಥೆ. 18 ವರ್ಷ ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಮೊದಲು ಇದ್ದ ಮ್ಯಾಜಿಸ್ಟ್ರೇಟ್ ಸಹಿಯ ತೊಡಕು 2023ರಲ್ಲಿ ಹೋಯಿತು. ಬರೆಯಬಲ್ಲವರು ಖಂಡಿತ ಬರೆದಿಡಲಿ. ಆದರೆ ಘಟ್ಟದ ಮೇಲಿನ ಹಳ್ಳಿಯ ಅಜ್ಜಿ ನೋಟರಿ ಹುಡುಕಿಕೊಂಡು ಹೋಗೋದಿಲ್ಲ. ಅವರ ಉಯಿಲು ಬಾಯಲ್ಲೇ ಇರುತ್ತದೆ. ಅದು ಹೊರಬರೋದು ಹಗಲು ರೌಂಡ್ಸ್ ಹೊತ್ತಿನಲ್ಲಿ, ಎಂಟು ಜನ ಬಿಳಿ ಕೋಟು ಹಾಕಿ ನಿಂತಾಗ ಅಲ್ಲ. ರಾತ್ರಿ ಎರಡೂವರೆಗೆ, ಒಬ್ಬಳೇ ಸಿಸ್ಟರ್ ಬಂದು ಹೊದಿಕೆ ಸರಿ ಮಾಡುವಾಗ.

ಇಲ್ಲಿ ಅರುಣಾ ಶಾನಭಾಗರ ಹೆಸರು ಹೇಳದೆ ಮುಂದೆ ಹೋಗಲಾರೆ.

ಅರುಣಾ ನಮ್ಮ ಜಿಲ್ಲೆಯ ಮಗಳು. ಹೊನ್ನಾವರ ತಾಲೂಕಿನ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ಅವರ ಕುತ್ತಿಗೆಗೆ ನಾಯಿ ಸರಪಳಿ ಬಿಗಿದು ದೌರ್ಜನ್ಯ ಮಾಡಿದ. ಮಿದುಳಿಗೆ ಆಕ್ಸಿಜನ್ ನಿಂತುಹೋಯಿತು. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಹತ್ತಿರಹತ್ತಿರ 42 ವರ್ಷ, ಅದೇ ಆಸ್ಪತ್ರೆಯ 4ನೇ ವಾರ್ಡಿಗೆ ಸೇರಿದ ಒಂದು ಕೋಣೆಯಲ್ಲಿ ಮಲಗಿದ್ದರು. ನನ್ನನ್ನು ನರ್ಸಿಂಗಿಗೆ ಕಳಿಸುವಾಗ ನಮ್ಮಮ್ಮ ಅತ್ತಿದ್ದು ಅವರನ್ನು ನೆನೆದೇ. ನಮ್ಮ ಕಡೆ ಆ ಕಾಲದ ತಾಯಂದಿರಿಗೆಲ್ಲ ಆ ಹೆಸರು ಗೊತ್ತಿತ್ತು.

ಆ 42 ವರ್ಷ ಅವರನ್ನು ನೋಡಿಕೊಂಡಿದ್ದು ನರ್ಸ್‌ಗಳು. ಒಂದು ತಂಡ ನಿವೃತ್ತಿಯಾದರೆ ಮುಂದಿನ ತಂಡ. 1980ರ ದಶಕದಲ್ಲಿ ಅವರನ್ನು ಅಲ್ಲಿಂದ ಸಾಗಿಸುವ ಮಾತು ಬಂದಾಗ ನರ್ಸ್‌ಗಳು ಪ್ರತಿಭಟನೆಗೆ ಇಳಿದು ತಡೆದರು. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಆಸ್ಪತ್ರೆ ಒಂದು ಮಾತು ಹೇಳಿತ್ತು: ಅಲ್ಲಿಯವರೆಗಿನ ಅಷ್ಟೂ ವರ್ಷದಲ್ಲಿ ಅರುಣಾಗೆ ಒಂದೇ ಒಂದು ಬೆಡ್‌ಸೋರ್ ಆಗಿಲ್ಲ. ಇದರ ಅರ್ಥ ಎಷ್ಟು ಜನರಿಗೆ ಗೊತ್ತೋ ಕಾಣೆ. ಮಲಗಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಬೆನ್ನು ಒರೆಸಿ, ಒಣಗಿಸಿ, ಹಾಸಿಗೆಯ ಒಂದು ಸುಕ್ಕೂ ಇಲ್ಲದ ಹಾಗೆ ಎಳೆಯಬೇಕು. ಹಿಮ್ಮಡಿ ಹಾಸಿಗೆಗೆ ಒತ್ತದ ಹಾಗೆ ದಿಂಬು ಇಡಬೇಕು. ಒಂದು ರಾತ್ರಿ ತಪ್ಪಿದರೆ ಸೊಂಟದ ಹಿಂದೆ ಕೆಂಪು ಮಚ್ಚೆ ಕಾಣುತ್ತದೆ, ಇನ್ನೆರಡು ದಿನ ಬಿಟ್ಟರೆ ಹುಣ್ಣು. ಅಷ್ಟೂ ವರ್ಷ ಅದು ಆಗಲಿಲ್ಲ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಸಾಧನೆ ನನಗೆ ಗೊತ್ತಿಲ್ಲ.

ಅವರಿಗೆ ದಯಾಮರಣ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ತೀರ್ಪು ಬಂತು. ಅರ್ಜಿ ವಜಾ ಆಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅವರನ್ನು ಹಗಲೂ ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಗೆ ಸೇರಿದ್ದು ಎಂದು ನ್ಯಾಯಮೂರ್ತಿಗಳು ಹೇಳಿದರು. ಮುಂದೆ ಆ ಸಿಬ್ಬಂದಿಯ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟಿಗೆ ಹೋಗಬಹುದು ಅಂತಲೂ ಹೇಳಿದರು. ಅದೇ ತೀರ್ಪಿನಲ್ಲಿ, ಕಟ್ಟುನಿಟ್ಟಿನ ಷರತ್ತುಗಳೊಡನೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಾಗಿಲನ್ನು ಮೊದಲ ಬಾರಿಗೆ ತೆರೆದರು. 2018ರ ಮಾರ್ಚ್ 9ರ ಐವರು ನ್ಯಾಯಮೂರ್ತಿಗಳ ತೀರ್ಪು, 2023ರ ತಿದ್ದುಪಡಿ, ನಿಮ್ಮ ಸುತ್ತೋಲೆ, ಎಲ್ಲವೂ ಆ ಬಾಗಿಲಿನಿಂದಲೇ ಬಂದವು.

ನನಗೆ ನೋವಾಗೋದು ಇಲ್ಲೇ. ಒಬ್ಬ ನರ್ಸಿನ ಹಾಸಿಗೆಯ ಪಕ್ಕದಿಂದ ಶುರುವಾದ ಕಾನೂನು ಇದು. ಅವತ್ತು ನರ್ಸ್‌ಗಳ ಮಾತಿಗೆ ದೇಶದ ಅತಿ ದೊಡ್ಡ ಕೋರ್ಟ್ ತೂಕ ಕೊಟ್ಟಿತು. ಕಾಗದದ ಮೇಲೆ ನಿಯಮ ಆಗುವಷ್ಟರಲ್ಲಿ ನರ್ಸ್ ಎಲ್ಲೋ ಕಳೆದುಹೋದಳು.

ಒಂದು ವಿಷಯ ಬಿಚ್ಚಿಯೇ ಹೇಳುತ್ತೇನೆ, ನನ್ನ ಸಹೋದ್ಯೋಗಿಗಳಿಗೆ ಬೇಸರ ಆದರೂ. ಕೆಇಎಂ ನರ್ಸ್‌ಗಳ ಪ್ರೀತಿಯ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ನಮ್ಮ ಪ್ರೀತಿ ಬೇರೆ, ರೋಗಿಯ ಇಷ್ಟ ಬೇರೆ. ಅರುಣಾ ಏನು ಬಯಸುತ್ತಿದ್ದರು ಎಂದು ಹೇಳಲಿಕ್ಕೆ ಯಾರಿಂದಲೂ ಆಗಲಿಲ್ಲ, 25ರ ಹುಡುಗಿಯನ್ನು ಅದನ್ನೆಲ್ಲ ಯಾರು ಕೇಳಿರುತ್ತಾರೆ? ಹಾಗಾಗಿ ನರ್ಸ್ ಮಂಡಳಿ ಮುಂದೆ ಬರಬೇಕಾದ್ದು ‘ನನಗೆ ಹೀಗನಿಸುತ್ತದೆ’ ಅಂತ ಹೇಳಲಿಕ್ಕೆ ಅಲ್ಲ. ‘ಇವರು ಇಂಥ ದಿನ ಹೀಗೆ ಹೇಳಿದರು, ಇಂಥದ್ದಕ್ಕೆ ಇವರ ಮುಖ ಹೀಗಾಗುತ್ತದೆ, ಇಂಥವರು ಬಂದಾಗ ಕೈ ಬಿಗಿ ಹಿಡಿಯುತ್ತಾರೆ’ ಅಂತ ಕಂಡದ್ದನ್ನು ಹೇಳಲಿಕ್ಕೆ. ಬೇಡ ಅಂದವರ ಮಾತೂ ಬರಬೇಕು, ಇನ್ನೂ ಬದುಕಬೇಕು ಅಂದವರ ಮಾತೂ ಬರಬೇಕು. ಎರಡನೆಯದು ಇನ್ನೂ ಮುಖ್ಯ. ಮನೆಯವರು ಸಾಲದ ಸುಳಿಯಲ್ಲಿ ಸಿಕ್ಕಿ “ಸಾಕು, ನಿಲ್ಲಿಸಿಬಿಡಿ” ಅನ್ನುವಾಗ, ಒಳಗಿರುವ ರೋಗಿ ನರ್ಸಿನ ಹತ್ತಿರ ಮೊಮ್ಮಗಳ ಮದುವೆ ನೋಡಬೇಕು ಅಂದಿರಬಹುದು.

ಇದೇನು ನನ್ನ ಹೊಸ ಕಲ್ಪನೆ ಅಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬಹಳ ಹಿಂದೆಯೇ ನಮಗೆ ನೀತಿ ಸಂಹಿತೆ ಕೊಟ್ಟಿದೆ. ರೋಗಿಯನ್ನು ಆರೈಕೆಯಲ್ಲಿ ಪಾಲುದಾರ ಅಂತ ನೋಡಬೇಕು, ತಿಳಿದು ಆಯ್ಕೆ ಮಾಡಲಿಕ್ಕೆ ನೆರವಾಗಬೇಕು, ಗುಟ್ಟು ಕಾಯಬೇಕು, ಸಮಾಜ ಇಟ್ಟ ನಂಬಿಕೆ ಉಳಿಸಿಕೊಳ್ಳಬೇಕು ಅಂತ ಅದರಲ್ಲಿದೆ. ಮಾತು ಬಂಗಾರ. ಆದರೆ ಆಯ್ಕೆಗೆ ನೆರವಾಗು ಅಂತ ಹೇಳಿ, ಆಯ್ಕೆ ನಡೆಯುವ ಕೋಣೆಯ ಹೊರಗೆ ನಿಲ್ಲಿಸಿದರೆ ಹೇಗೆ?

ಇನ್ನೊಂದು ಸಂಕಟ ಇದಕ್ಕೇ ಅಂಟಿಕೊಂಡಿದೆ. “ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್, ಗ್ಯಾಸ್ಟ್ರಿಕ್ ಅಂದಿದ್ದೀವಿ.” ಈ ಮಾತನ್ನು ಕೇಳದ ನರ್ಸ್ ಕರ್ನಾಟಕದಲ್ಲಿ ಇರಲಾರಳು. ಮನೆಯವರು ಹೇಳೋದು ಮಮತೆಯಿಂದಲೇ. ಆದರೆ ಅದೇ ಅಪ್ಪ ರಾತ್ರಿ ಕೈ ಹಿಡಿದು “ನಿಜ ಹೇಳಮ್ಮ, ನಂಗೇನಾಗಿದೆ? ಗದ್ದೆ ಭಾಗ ಮಾಡಿಸೋದಿದೆ” ಅನ್ನುತ್ತಾರೆ. ಹೇಳಿದರೆ ಮನೆಯವರ ಕೋಪ, ಮೇಲಿನವರ ನೋಟಿಸ್. ಹೇಳದಿದ್ದರೆ ಆ ಮನುಷ್ಯನಿಗೆ ಕೊನೆಯ ತಿಂಗಳಲ್ಲಿ ಮೋಸ. ತನಗೇನಾಗಿದೆ ಅಂತಲೇ ಗೊತ್ತಿಲ್ಲದವರು ಘನತೆಯ ಸಾವನ್ನು ಆರಿಸಿಕೊಳ್ಳೋದು ಹೇಗೆ? ನಾನು ಕೊನೆಕೊನೆಗೆ ಒಂದು ದಾರಿ ಹಿಡಿದೆ. “ನಿಮಗೆ ಎಷ್ಟು ತಿಳಿಯಬೇಕು ಅನ್ನಿಸ್ತದೆ?” ಅಂತ ರೋಗಿಯನ್ನೇ ಕೇಳುತ್ತಿದ್ದೆ. ಕೆಲವರು “ಬೇಡಮ್ಮ, ಮಗನಿಗೇ ಹೇಳಿ” ಅನ್ನುತ್ತಿದ್ದರು. ಅದೂ ಅವರ ಆಯ್ಕೆ. ಎಲ್ಲ ತಿಳಿಯಬೇಕು ಅಂದವರ ಮಾತನ್ನು ಡಾಕ್ಟರಿಗೆ ಮುಟ್ಟಿಸಿ, ಮನೆಯವರನ್ನು ಒಟ್ಟಿಗೆ ಕೂರಿಸುತ್ತಿದ್ದೆ. ಹೆಚ್ಚಿನ ಸಲ ಅಳು ಬಂತು, ಆಮೇಲೆ ಎಲ್ಲರಿಗೂ ಹಗುರ ಆಯಿತು.

ಇದೆಲ್ಲ ಮಾಡಲಿಕ್ಕೆ ಸಮಯ ಬೇಕು, ಸಮಯಕ್ಕೆ ಜನ ಬೇಕು. ವೆಂಟಿಲೇಟರ್ ರೋಗಿ ಒಬ್ಬರಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬರು ಅಂತ ಕೌನ್ಸಿಲ್ ಲೆಕ್ಕ. ನಾನು ಕೆಲಸ ಮಾಡಿದ ಕಡೆ ರಾತ್ರಿ ನಾಲ್ಕು ವೆಂಟಿಲೇಟರಿಗೆ ಒಬ್ಬಳೇ ಓಡಿದ್ದೇನೆ. ಒಬ್ಬರ ಸಕ್ಷನ್ ಮಾಡುವಾಗ ಇನ್ನೊಬ್ಬರ ಅಲಾರಂ. ಅಂಥ ಹೊತ್ತಲ್ಲಿ ಕೈ ಹಿಡಿದು ಕೇಳಿಸಿಕೊಳ್ಳೋದು ಎಲ್ಲಿಂದ? ಅದರ ಮೇಲೆ ಗುತ್ತಿಗೆಯಲ್ಲಿರುವ ಹುಡುಗಿಯರಿದ್ದಾರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವಳು, ರೋಗಿ ಹೀಗೆ ಹೇಳಿದರು ಅಂತ ದೊಡ್ಡ ಡಾಕ್ಟರ ಮುಂದೆ ಬಾಯಿ ಬಿಡುತ್ತಾಳಾ?

ಮತ್ತೆ ಕೊನೆಯ ಗಳಿಗೆಯ ವಿಷಯ. ಮಂಡಳಿಗಳು ಒಪ್ಪಿದವು, ಮನೆಯವರು ಸಹಿ ಹಾಕಿದರು. ಆಮೇಲೆ ಆ ಕೋಣೆಯಲ್ಲಿ ಕೈಯಿಂದ ಕೆಲಸ ಮಾಡೋದು ಬಹಳ ಸಲ ನರ್ಸೇ. ಅಲಾರಂ ಆರಿಸೋದು, ಬಾಯಿ ತೇವ ಮಾಡೋದು, ಉಸಿರುಗಟ್ಟುವ ಸಂಕಟ ಆಗದ ಹಾಗೆ ಔಷಧಿ ಕೊಡೋದು, ಮಗಳನ್ನು ಹತ್ತಿರ ಕರೆದು “ಮುಟ್ಟಿ ಮಾತಾಡಿಸಿ, ಕೇಳಿಸಬಹುದು” ಅನ್ನೋದು. ಆ ಮಂಚದ ಕೆಲಸ ಮುಗಿದ ಹತ್ತು ನಿಮಿಷಕ್ಕೆ ಪಕ್ಕದ ಮಂಚದ ಇಂಜೆಕ್ಷನ್. ತೀರ್ಮಾನ ಹೇಗೆ ಆಯಿತು ಅಂತ ತಿಳಿಯದೆ, ಅದರಲ್ಲಿ ಒಂದು ಮಾತೂ ಆಡದೆ, ಅದನ್ನು ನಡೆಸುವ ಭಾರ ಮಾತ್ರ ಹೊರೋದು ಬಹಳ ಕಷ್ಟ. ಕೆಲವರ ಮನಸ್ಸು ಒಪ್ಪದೇ ಇರಬಹುದು. ಅವರಿಗೆ ಆ ದಿನ ಬೇರೆ ಕೆಲಸ ಕೇಳುವ ಅವಕಾಶ ಇರಬೇಕು, ಯಾವ ಕಪ್ಪು ಚುಕ್ಕೆಯೂ ಇಲ್ಲದೆ.

ಚಿಕಿತ್ಸೆ ನಿಲ್ಲಿಸೋದು ಅಂದರೆ ಆರೈಕೆ ನಿಲ್ಲಿಸೋದು ಅಲ್ಲ. ಕೊನೆ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಇದನ್ನು ವರ್ಷಗಳಿಂದ ಮಾಡಿ ತೋರಿಸಿದ್ದಾರೆ, ಅದೂ ಒಂದು ಪೈಸೆ ತೆಗೆದುಕೊಳ್ಳದೆ. ನೋವು ಕಡಿಮೆ ಮಾಡುವ ಮಾರ್ಫಿನ್ ಸಿಗೋದು ಸುಲಭವಾಗಲಿ ಅಂತ 2014ರಲ್ಲೇ ಕೇಂದ್ರ ಕಾನೂನು ತಿದ್ದಿದೆ. ಆದರೂ ತಾಲೂಕು ಆಸ್ಪತ್ರೆಗಳಲ್ಲಿ ಆ ಮಾತ್ರೆಯ ಹೆಸರು ಹೇಳಿದರೆ ಇವತ್ತಿಗೂ ಹೆದರುವವರನ್ನು ನೋಡಿದ್ದೇನೆ. ನಮ್ಮ ಜಿಲ್ಲೆಯಿಂದ ಕೊನೆ ದಿನಗಳ ರೋಗಿಗಳು ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುತ್ತ ದಾರಿಯಲ್ಲೇ ಉಸಿರು ಬಿಡೋದು ತಪ್ಪಬೇಕಾದರೆ ಇದೂ ಬೇಕು.

ಹಾಗಾದರೆ ನಾನು ಕೇಳೋದೇನು? ಮಂಡಳಿಯ ತೀರ್ಮಾನ ತಡೆಯುವ ಅಧಿಕಾರ ನರ್ಸಿಗೆ ಕೊಡಿ ಅಂತ ಅಲ್ಲ. ಮಂಡಳಿಯ ಸದಸ್ಯರ ಸಂಖ್ಯೆ ಬದಲಿಸಲಿಕ್ಕೆ ಸುಪ್ರೀಂ ಕೋರ್ಟಿಗೇ ಹೋಗಬೇಕಾದೀತು, ಅದೂ ಗೊತ್ತು. ನಿಮ್ಮ ಕೈಯಲ್ಲೇ ಇರುವಷ್ಟನ್ನು ಕೇಳುತ್ತೇನೆ. ರೋಗಿಯನ್ನು ಹೆಚ್ಚು ಹೊತ್ತು ನೋಡಿಕೊಂಡ ನರ್ಸಿನ ಲಿಖಿತ ಹೇಳಿಕೆ ಎರಡೂ ಮಂಡಳಿಗಳ ಫೈಲಿನಲ್ಲಿ ಕಡ್ಡಾಯವಾಗಿ ಇರಲಿ, ಅದನ್ನು ಓದಿದ್ದೇವೆ ಅಂತ ಮಂಡಳಿ ಸಹಿ ಹಾಕಲಿ. ಹೇಳಿಕೆ ಕೊಟ್ಟವರ ಮೇಲೆ ಅದಕ್ಕಾಗಿ ಯಾವ ಕ್ರಮವೂ ಆಗಬಾರದು ಅಂತ ಒಂದು ಸಾಲು ಸೇರಲಿ. ಎಲ್ಲ ಸರ್ಕಾರಿ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ‘ರೋಗಿ ಹೇಳಿದ್ದು’ ಎಂಬ ಒಂದು ಅಂಕಣ ಬರಲಿ. ರೋಗಿಯ ಭಾಷೆಯಲ್ಲೇ, ಅವರಾಡಿದ ಹಾಗೇ ಬರೆಯಲಿ, ಕನ್ನಡವೋ ಕೊಂಕಣಿಯೋ ತುಳುವೋ ಬ್ಯಾರಿಯೋ ಉರ್ದುವೋ. ತಾರೀಖು, ಹೊತ್ತು, ಕೇಳಿಸಿಕೊಂಡವರ ಸಹಿ ಇರಲಿ. ದಾಖಲಾಗುವಾಗಲೇ ಮುಂಗಡ ನಿರ್ದೇಶನ ಬರೆದಿದ್ದೀರಾ ಅಂತ ಮೆಲ್ಲಗೆ ಕೇಳುವ ಅಭ್ಯಾಸ ಬರಲಿ. ಅದನ್ನು ಹೇಗೆ ಕೇಳಬೇಕು ಅಂತ ನರ್ಸ್‌ಗಳಿಗೆ ತರಬೇತಿ ಕೊಡಿ. ಈ ಪ್ರಶ್ನೆಯನ್ನು ಒರಟಾಗಿ ಕೇಳಿದರೆ, ಇವರು ನಮ್ಮನ್ನು ಸಾಯಿಸಲಿಕ್ಕೆ ಹೊರಟಿದ್ದಾರೆ ಅಂತ ಮನೆಯವರು ಎದ್ದು ಹೋದಾರು.

ನಮ್ಮಲ್ಲಿ ಲೇಟ್ ಎಂಟ್ರಿ ಅಂತ ಒಂದು ರೂಢಿ ಇದೆ. ಹೊತ್ತಿಗೆ ಬರೆಯದೆ ಬಿಟ್ಟದ್ದನ್ನು ಆಮೇಲೆ, ತಡವಾಗಿದೆ ಎಂದು ಒಪ್ಪಿಕೊಂಡೇ, ಸೇರಿಸೋದು. ಆ ಅಜ್ಜಿಯ ಮಾತನ್ನು ಈ ಪತ್ರದಲ್ಲಿ ಬರೆದಿದ್ದು ಹಾಗೆ. ಅವರ ಮಗ ಇದನ್ನು ಓದಿದರೆ, ಆವತ್ತು ಇಲ್ಲ ಅಂದದ್ದಕ್ಕೆ ನನ್ನನ್ನು ಕ್ಷಮಿಸಲಿ.

ನಾನು ಕೇಳಿದ ಅಂಕಣದ ಒಂದು ಮಾದರಿ ಹಾಳೆಯನ್ನು ಹಳೆಯ ಇಬ್ಬರು ಸಹೋದ್ಯೋಗಿಗಳ ಜೊತೆ ಕೂತು ಕೈಯಲ್ಲೇ ಗೆರೆ ಎಳೆದು ಮಾಡಿದ್ದೇವೆ. ಅರ್ಧ ಪುಟ ಅಷ್ಟೇ. ಅದನ್ನು ಅಂಚೆಯಲ್ಲಿ ಆರೋಗ್ಯ ಸೌಧಕ್ಕೆ ಕಳಿಸುತ್ತಿದ್ದೇನೆ. ನಿಮ್ಮ ಅಧಿಕಾರಿಗಳು ತಿದ್ದಲಿ, ಬದಲಿಸಲಿ. ತರಬೇತಿಗೆ ಕರೆದರೆ ಯಾವ ಜಿಲ್ಲೆಗಾದರೂ ಬರುತ್ತೇನೆ, ಬಸ್ ಚಾರ್ಜೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ಉತ್ತರ ಕನ್ನಡ